ಮದುವೆಯಾಗದೆ ಜೊತೆಗಿದ್ದು ಬೇರೆಯಾದವರ ಮನೆ, ಜಾಗ, ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನಲ್ಲಿ ಸಿವಿಲ್ ಕೇಸುಗಳನ್ನು ನೋಡುವ ವಕೀಲೆ. ಈ ಪ್ರಶ್ನೆಗಳನ್ನು ಹಿಡಿದುಕೊಂಡು ಬರುವವರು ಹೆಚ್ಚಾಗಿ ಸಂಜೆ ಬರುತ್ತಾರೆ, ಆಫೀಸಿನಲ್ಲಿ ಉಳಿದವರೆಲ್ಲ ಹೋದ ಮೇಲೆ. ಮಣಿಪಾಲದಲ್ಲಿ ಓದುವಾಗ ಪರಿಚಯವಾದವರು, ಬೈಕಂಪಾಡಿಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು, ಒಬ್ಬರು ದುಬೈಯಲ್ಲಿ ಇನ್ನೊಬ್ಬರು ಸುರತ್ಕಲ್‌ನಲ್ಲಿ ಇದ್ದುಕೊಂಡೇ ಮನೆ ಮಾಡಿದವರು. ಮೊದಲ ಹತ್ತು ನಿಮಿಷ ಆಸ್ತಿಯ ಮಾತೇ ಎತ್ತುವುದಿಲ್ಲ. "ನಮ್ಮದು ಮದುವೆ ಆಗಿಲ್ಲ ಮೇಡಂ" ಎಂದು ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ನಾನು ಕೇಳುವುದು ಎರಡೇ ವಿಷಯ. ಕಾಗದ ಯಾರ ಹೆಸರಿನಲ್ಲಿದೆ? ದುಡ್ಡು ಯಾರ ಖಾತೆಯಿಂದ ಹೋಗಿದೆ?

ಕೆಳಗಿರುವುದು ದಾರಿ ಗೊತ್ತಾಗಲಿ ಎಂದು ಬರೆದದ್ದು. ನಿಮ್ಮ ಕಾಗದಪತ್ರ ನೋಡದೆ ಯಾವ ವಕೀಲರೂ ನಿಮ್ಮ ಕೇಸಿನ ಬಗ್ಗೆ ಖಚಿತವಾಗಿ ಹೇಳಲಾರರು.

ಮದುವೆ ಆಗದೆ ಒಟ್ಟಿಗೆ ಇದ್ದದ್ದೇ ತಪ್ಪು, ಕೋರ್ಟಿಗೆ ಹೋದರೆ ನಮ್ಮ ಮೇಲೇ ಕೇಸು ಬೀಳುತ್ತದೆ ಅಂತಾರಲ್ಲ?

ಬೀಳುವುದಿಲ್ಲ. ಪ್ರಾಯಕ್ಕೆ ಬಂದ ಇಬ್ಬರು ಇಷ್ಟಪಟ್ಟು ಜೊತೆಗಿರುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ನಟಿ ಖುಷ್ಬೂ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಹೆದರಿಕೆಯಿಂದಲೇ ಎಷ್ಟೋ ಜನ ತಮ್ಮ ದುಡ್ಡು ಬಿಟ್ಟು ಹೋಗಿದ್ದಾರೆ. ನೀವು ಬಿಡಬೇಡಿ.

ಆರು ವರ್ಷ ಜೊತೆಗಿದ್ದೆವು. ಅವನ ಆಸ್ತಿಯಲ್ಲಿ ಅರ್ಧ ನನ್ನದಲ್ವಾ?

ಅಲ್ಲ. ಎಷ್ಟು ವರ್ಷ ಜೊತೆಗಿದ್ದರೂ, ಬರೀ ಜೊತೆಗಿದ್ದ ಕಾರಣಕ್ಕೆ ಆಸ್ತಿಯಲ್ಲಿ ಪಾಲು ಹುಟ್ಟುವುದಿಲ್ಲ. ಹಾಗೆ ಪಾಲು ಕೊಡಿಸುವ ಕಾನೂನು ಕರ್ನಾಟಕದಲ್ಲಿ ಇಲ್ಲ.

ಇದನ್ನು ಕೇಳಿ ಬೇಜಾರಾಗುವವರಿಗೆ ಇನ್ನೊಂದು ವಿಷಯ ಹೇಳುತ್ತೇನೆ. ಮದುವೆಯಾದ ಹೆಂಡತಿಗೂ ನಮ್ಮಲ್ಲಿ ಗಂಡನ ಆಸ್ತಿಯಲ್ಲಿ ಅರ್ಧ ತಾನಾಗಿ ಬರುವುದಿಲ್ಲ. ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು ಎನ್ನುವ ಕಾನೂನು ಇರುವುದು ಪಕ್ಕದ ಗೋವಾದಲ್ಲಿ. ಕಾರವಾರ ದಾಟಿದರೆ ಒಂದು ನಿಯಮ, ಈಚೆ ಇನ್ನೊಂದು.

ಮದುವೆ ಇಲ್ಲದ ಮೇಲೆ ಫ್ಯಾಮಿಲಿ ಕೋರ್ಟ್ ಸಾಮಾನ್ಯವಾಗಿ ನಿಮ್ಮ ಆಸ್ತಿ ವಿವಾದವನ್ನು ತೆಗೆದುಕೊಳ್ಳುವುದಿಲ್ಲ. ನೀವು ಹೋಗಬೇಕಾದದ್ದು ಸಿವಿಲ್ ಕೋರ್ಟಿಗೆ. ಅಲ್ಲಿ ನೀವಿಬ್ಬರೂ ಒಂದು ವ್ಯವಹಾರ ಮಾಡಿದ ಇಬ್ಬರು ವ್ಯಕ್ತಿಗಳು, ಅಷ್ಟೇ.

ಫ್ಲ್ಯಾಟ್ ಅವನ ಹೆಸರಿನಲ್ಲಿದೆ. ಆದರೆ ದುಡ್ಡು ನನ್ನದೂ ಹೋಗಿದೆ. ಏನು ಮಾಡಬಹುದು?

ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನರ ಪ್ರಶ್ನೆ ಇದೇ. ಜಾಸ್ತಿ ತಪ್ಪು ಹೆಜ್ಜೆ ಇಡುವುದೂ ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಸ್ಥಿರಾಸ್ತಿಯ ಮಾಲೀಕರು ಯಾರು ಎಂದು ಹೇಳುವುದು ನೋಂದಣಿಯಾದ ಕ್ರಯಪತ್ರ. ಅದರಲ್ಲಿ ಕೊಂಡವರು ಎಂದು ಯಾರ ಹೆಸರು ಇದೆಯೋ ಅವರೇ ಮಾಲೀಕರು. ನೀವು ಕಂತು ಕಟ್ಟಿದ್ದು, ಅಡುಗೆಮನೆಗೆ ಕಪಾಟು ಮಾಡಿಸಿದ್ದು, ಗೃಹಪ್ರವೇಶದ ದಿನ ಹಾಲುಕ್ಕಿಸಿದ್ದು, ಯಾವುದೂ ಆ ಹೆಸರನ್ನು ಬದಲಾಯಿಸುವುದಿಲ್ಲ.

ಹಾಗಾದರೆ ಕೋರ್ಟಿಗೆ ಹೋಗಿ "ನಿಜವಾದ ಮಾಲೀಕಳು ನಾನೇ, ಸುಮ್ನೆ ಅವನ ಹೆಸರಿನಲ್ಲಿ ಇಟ್ಟಿದ್ದೆವು" ಎನ್ನಬಹುದಲ್ವಾ? ಕೈಮುಗಿದು ಹೇಳುತ್ತೇನೆ, ವಕೀಲರನ್ನು ಕೇಳದೆ ಈ ಮಾತನ್ನು ಎಲ್ಲೂ ಬರೆಯಬೇಡಿ. ಒಬ್ಬರು ದುಡ್ಡು ಕೊಟ್ಟು ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಮಾಡುವುದಕ್ಕೆ ಬೇನಾಮಿ ಎಂದು ಹೆಸರು. 1988ರ ಬೇನಾಮಿ ಕಾಯ್ದೆ 2016ರ ನವೆಂಬರ್ 1ರಿಂದ ಇನ್ನೂ ಬಿಗಿಯಾಗಿದೆ. ಗಂಡ ಹೆಂಡತಿಯ ಹೆಸರಿನಲ್ಲಿ, ಅಪ್ಪ ಅಮ್ಮ ಮಕ್ಕಳ ಹೆಸರಿನಲ್ಲಿ ತನ್ನ ಲೆಕ್ಕದಲ್ಲಿರುವ ದುಡ್ಡಿನಿಂದ ಕೊಂಡರೆ ವಿನಾಯಿತಿ ಇದೆ. ಜೊತೆಗಿದ್ದ ಸಂಗಾತಿಗೆ ಆ ವಿನಾಯಿತಿ ಇಲ್ಲ. ಬೇನಾಮಿ ಎಂದು ತೀರ್ಮಾನವಾದರೆ ಆ ಆಸ್ತಿ ತನ್ನದೆಂದು ದಾವೆ ಹೂಡಲಿಕ್ಕೇ ಆಗುವುದಿಲ್ಲ. ಆಸ್ತಿಯನ್ನು ಸರ್ಕಾರ ತೆಗೆದುಕೊಳ್ಳಬಹುದು. 1ರಿಂದ 7 ವರ್ಷದವರೆಗೆ ಜೈಲು, ಆಸ್ತಿಯ ಬೆಲೆಯ ಶೇ. 25ರವರೆಗೆ ದಂಡ. ಪಾಲು ಕೇಳಲು ಹೋಗಿ ಇದ್ದದ್ದೂ ಹೋಯಿತು ಎಂಬಂತಾಗುತ್ತದೆ.

ಸಾಮಾನ್ಯವಾಗಿ ಗಟ್ಟಿ ದಾರಿ ಎಂದರೆ ಫ್ಲ್ಯಾಟನ್ನು ಕೇಳದೆ ದುಡ್ಡನ್ನು ಕೇಳುವುದು. "ನಾನು ಇಂಥ ದಿನ ಇಷ್ಟು ಕೊಟ್ಟೆ, ವಾಪಸ್ ಕೊಡುತ್ತೇನೆಂದು ಹೇಳಿದ್ದ, ಕೊಟ್ಟಿಲ್ಲ." ಇದು ಹಣ ವಸೂಲಿಯ ದಾವೆ. ಅದಕ್ಕೇ ಮೊದಲ ವಕೀಲರ ನೋಟಿಸಿನ ಮಾತುಗಳು ಬಹಳ ಮುಖ್ಯ. ಸಿಟ್ಟಿನಲ್ಲಿ ನೀವೇ ಒಂದು ಕಾಗದ ಬರೆದು ಕಳಿಸಿದರೆ, ಅದನ್ನೇ ಎದುರಿನವರು ಕೋರ್ಟಿನಲ್ಲಿ ಓದಿ ಹೇಳುತ್ತಾರೆ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ. ಈಗ ಹೇಗೆ ಪಾಲು ಮಾಡುವುದು?

ನೀವು ಅದೃಷ್ಟವಂತರು. ಮೊದಲು ಕ್ರಯಪತ್ರ ತೆಗೆದು ನೋಡಿ. ಯಾರಿಗೆ ಎಷ್ಟು ಪಾಲು ಎಂದು ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ನೋಡಬೇಕು. ಇಬ್ಬರೂ ತಮ್ಮ ತಮ್ಮ ದುಡ್ಡು ಹಾಕಿದ್ದರೆ, ಯಾರು ಎಷ್ಟು ಹಾಕಿದರೋ ಆ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರು ಎಂಬುದಕ್ಕೆ ಸಾಕ್ಷಿಯೇ ಇಲ್ಲದಿದ್ದರೆ ಸಮಪಾಲು. 60 ಲಕ್ಷದ ಫ್ಲ್ಯಾಟಿಗೆ ನೀವು 40 ಲಕ್ಷ ಹಾಕಿದ್ದೀರಿ, ಅವರು 20 ಲಕ್ಷ ಎಂದು ಇಟ್ಟುಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ನಿಮ್ಮದು ಮೂರರಲ್ಲಿ ಎರಡು ಪಾಲು. ಸ್ಟೇಟ್‌ಮೆಂಟ್ ಇಲ್ಲದಿದ್ದರೆ ಅರ್ಧ. ಒಂದು ಕಾಗದಕ್ಕೆ 10 ಲಕ್ಷದ ವ್ಯತ್ಯಾಸ.

ಒಬ್ಬರು ಇನ್ನೊಬ್ಬರ ಪಾಲನ್ನು ಕೊಂಡುಕೊಳ್ಳುವುದು ಸುಲಭದ ದಾರಿ. ಇದಕ್ಕೆ ಹಕ್ಕು ಬಿಡುಗಡೆ ಪತ್ರ ಅಥವಾ ಕ್ರಯಪತ್ರ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅಣ್ಣ ತಂಗಿಯ ನಡುವೆ ಬಿಡುಗಡೆ ಪತ್ರವಾದರೆ ಸ್ಟ್ಯಾಂಪ್ ಡ್ಯೂಟಿ ತೀರಾ ಕಡಿಮೆ. ನಿಮಗೆ ಆ ರಿಯಾಯಿತಿ ಇಲ್ಲ, ಹೊರಗಿನವರಿಗೆ ಮಾರಿದ ಲೆಕ್ಕದಲ್ಲೇ ಕಟ್ಟಬೇಕು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಮಾತುಕತೆಗೆ ಕೂರುವಾಗಲೇ ಈ ಖರ್ಚು ಯಾರದ್ದು ಎಂದು ತೀರ್ಮಾನ ಮಾಡಿಕೊಳ್ಳಿ. ಎಲ್ಲ ಒಪ್ಪಿ ಕೊನೆಗೆ ಸ್ಟ್ಯಾಂಪ್ ಡ್ಯೂಟಿಯ ವಿಷಯಕ್ಕೆ ಮುರಿದುಬಿದ್ದ ರಾಜಿಗಳನ್ನು ನಾನು ಕಂಡಿದ್ದೇನೆ.

ಇಬ್ಬರೂ ಸೇರಿ ಮಾರಿ ದುಡ್ಡು ಹಂಚಿಕೊಳ್ಳುವುದು ಇನ್ನೊಂದು ದಾರಿ. ಅದಕ್ಕೂ ಒಪ್ಪದಿದ್ದರೆ ಪಾರ್ಟಿಷನ್ ದಾವೆ, ಅಂದರೆ ಪಾಲು ಮಾಡಿಕೊಡಿ ಎಂದು ಕೋರ್ಟನ್ನು ಕೇಳುವುದು. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ನಡುವೆ ಗೋಡೆ ಕಟ್ಟಿ ಪಾಲು ಮಾಡಲಿಕ್ಕಾಗುವುದಿಲ್ಲ. ಅಂಥ ಕಡೆ 1893ರ ಪಾರ್ಟಿಷನ್ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಕೇಳಿಕೊಂಡರೆ ಕೋರ್ಟ್ ಆಸ್ತಿಯನ್ನೇ ಮಾರಿಸಿ ದುಡ್ಡು ಹಂಚಬಹುದು. ಆಗ ಇನ್ನೊಬ್ಬರು ಕೋರ್ಟ್ ಕಟ್ಟಿದ ಬೆಲೆಗೆ ಆ ಪಾಲನ್ನು ತಾವೇ ಕೊಳ್ಳುತ್ತೇನೆ ಎನ್ನಬಹುದು. ಇದೆಲ್ಲ ವರ್ಷಗಟ್ಟಲೆ ಎಳೆಯುತ್ತದೆ.

ಅವಳು ಬೀಗ ಬದಲಾಯಿಸಿದ್ದಾಳೆ. ನನ್ನ ಹೆಸರೂ ಕ್ರಯಪತ್ರದಲ್ಲಿ ಇದೆ.

ಜಂಟಿ ಮಾಲೀಕರಲ್ಲಿ ಒಬ್ಬರು ಇನ್ನೊಬ್ಬರನ್ನು ಹೊರಗೆ ಹಾಕುವಂತಿಲ್ಲ. ಆದರೆ ಬೀಗ ಒಡೆಯಲು ಹೋಗಬೇಡಿ. ನೋಟಿಸ್ ಕೊಡಿ, ಒಪ್ಪದಿದ್ದರೆ ಪಾರ್ಟಿಷನ್ ದಾವೆಯ ಜೊತೆಗೇ ತಡೆಯಾಜ್ಞೆ ಕೇಳಿ. ಆ ಹೆಣ್ಣುಮಗಳು ನಿಮಗೆ ಹೆದರಿ ಬೀಗ ಹಾಕಿದ್ದಾದರೆ ವಿಷಯವೇ ಬೇರೆ. ಅದಕ್ಕೆ ಮುಂದಿನ ಉತ್ತರ ಓದಿ.

ರಾತ್ರೋರಾತ್ರಿ ನನ್ನನ್ನು ಮನೆಯಿಂದ ಹೊರಗೆ ಹಾಕಿದ. ಮನೆ ಅವನದ್ದೇ. ನನಗೆ ಯಾವ ಹಕ್ಕೂ ಇಲ್ವಾ?

ಇದೆ. ಮಾಲೀಕತ್ವದ ಹಕ್ಕು ಬೇರೆ, ವಾಸದ ಹಕ್ಕು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಾದವರಿಗೆ ಮಾತ್ರ ಅಲ್ಲ. ಮದುವೆಯಂಥದ್ದೇ ಸಂಬಂಧದಲ್ಲಿ ಒಟ್ಟಿಗೆ ಇದ್ದ ಹೆಣ್ಣುಮಕ್ಕಳಿಗೂ ಅದು ಅನ್ವಯಿಸುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸ ಮಾಡುವ ಹಕ್ಕನ್ನು 17ನೇ ಸೆಕ್ಷನ್ ಕೊಡುತ್ತದೆ. ಹೊರಗೆ ಹಾಕಬಾರದು ಎಂದೋ, ಬೇರೆ ಬಾಡಿಗೆ ಮನೆ ಮಾಡಿಕೊಡಬೇಕು ಎಂದೋ, ನಿಮ್ಮ ಚಿನ್ನ ಮತ್ತು ಸಾಮಾನು ವಾಪಸ್ ಕೊಡಬೇಕು ಎಂದೋ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು.

ಮದುವೆಯಂಥ ಸಂಬಂಧ ಎಂದರೆ ಏನು? ಸುಪ್ರೀಂ ಕೋರ್ಟ್ 2010ರ ವೇಲುಸಾಮಿ ಪ್ರಕರಣದಲ್ಲಿ ಹೇಳಿದೆ. ಇಬ್ಬರಿಗೂ ಮದುವೆಯ ಪ್ರಾಯ ಆಗಿರಬೇಕು, ಮದುವೆಯಾಗಲು ಬೇರೆ ಅಡ್ಡಿ ಇರಬಾರದು, ಸಾಕಷ್ಟು ಕಾಲ ಒಟ್ಟಿಗೆ ಬಾಳಿರಬೇಕು, ನಾಲ್ಕು ಜನರ ಎದುರು ಗಂಡ ಹೆಂಡತಿಯಂತೆ ಇದ್ದಿರಬೇಕು. ಶನಿವಾರ ಭಾನುವಾರ ಮಾತ್ರ ಭೇಟಿಯಾದದ್ದು ಸಾಲದು.

ನಮ್ಮ ಊರಿನಲ್ಲಿ ಕಷ್ಟ ಆಗುವುದು ಈ ಕೊನೆಯ ಷರತ್ತಿನಲ್ಲೇ. ಮನೆಯವರಿಗೆ ಗೊತ್ತಾಗಬಾರದು, ಪರಿಚಯದವರು ನೋಡಬಾರದು ಎಂದು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೇ ಬದುಕಿರುತ್ತೀರಿ. ಈಗ ನಾಲ್ಕು ಜನರಿಗೆ ಗೊತ್ತಿತ್ತು ಎಂದು ತೋರಿಸಬೇಕು. ಹಾಗೆಂದು ಧೈರ್ಯ ಬಿಡಬೇಡಿ. ಬಾಡಿಗೆ ಮನೆ ಸಿಗಬೇಕೆಂದು ಓನರ್ ಹತ್ತಿರ ಗಂಡ ಹೆಂಡತಿ ಎಂದೇ ಹೇಳಿದ್ದೀರಲ್ಲ, ಆ ಬಾಡಿಗೆ ಕರಾರು ಪತ್ರ ಹುಡುಕಿ. ಆಸ್ಪತ್ರೆಯ ಫಾರಂನಲ್ಲಿ ಸಂಬಂಧ ಎಂಬ ಕಾಲಂನಲ್ಲಿ ಏನು ಬರೆದಿದ್ದರು ನೋಡಿ. ಅಪಾರ್ಟ್‌ಮೆಂಟಿನ ವಾಚ್‌ಮನ್, ಮೀನು ತರುತ್ತಿದ್ದ ಅಕ್ಕ, ಪಕ್ಕದ ಮನೆಯವರು ನಿಮ್ಮನ್ನು ಹೇಗೆ ಕರೆಯುತ್ತಿದ್ದರು? ಇವೆಲ್ಲ ಸಾಕ್ಷಿಯೇ.

ಹೊಡೆತ, ಬೆದರಿಕೆ ಇದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181. ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಸರೆ, ಕೇಸಿಗೆ ದಾರಿ ಎರಡೂ ಸಿಗುತ್ತವೆ. ಆಸ್ತಿಯ ಮಾತು ಆಮೇಲೆ.

ಈ ಕಾಯ್ದೆಯಡಿ ಗಂಡಸರು ಅರ್ಜಿ ಹಾಕಲಿಕ್ಕೆ ಬರುವುದಿಲ್ಲ.

ಅವನಿಗೆ ಮೊದಲೇ ಮದುವೆಯಾಗಿತ್ತು. ನನಗೆ ಗೊತ್ತಿತ್ತು. ಆಗಲೂ ಈ ಕಾಯ್ದೆ ಸಿಗುತ್ತದಾ?

ಕಷ್ಟ. ನಮ್ಮ ಕರ್ನಾಟಕದಿಂದಲೇ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಮದುವೆಯಾದವನೆಂದು ತಿಳಿದೂ ಜೊತೆಗಿದ್ದದ್ದು ಮದುವೆಯಂಥ ಸಂಬಂಧವಲ್ಲ ಎಂದಿತು. ಇಂಥ ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಆಸರೆ ಇಲ್ಲದಿರುವ ಬಗ್ಗೆಯೂ ಅದೇ ತೀರ್ಪಿನಲ್ಲಿ ಕಳವಳ ಇದೆ. ಮುಚ್ಚಿಟ್ಟು ಮೋಸ ಮಾಡಿದ್ದರೆ ವಾದ ಬೇರೆ ಆಗುತ್ತದೆ. ಏನೇ ಇದ್ದರೂ, ನೀವು ಕೊಟ್ಟ ದುಡ್ಡಿನ ಮೇಲಿನ ಹಕ್ಕು ಇದರಿಂದ ಹೋಗುವುದಿಲ್ಲ.

ಅವನ ಅಪ್ಪನ ಜಾಗದಲ್ಲಿ ಮನೆ ಕಟ್ಟಿದೆವು. ನನ್ನದು ಎಂಟು ಲಕ್ಷ ಹೋಗಿದೆ.

ಒಂದು ಮಳೆಗಾಲದ ಸಂಜೆ ಬ್ರಹ್ಮಾವರದ ಕಡೆಯ ಹೆಣ್ಣುಮಗಳೊಬ್ಬಳು ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಬಿಲ್ಲು ತಂದಿದ್ದಳು. ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಟ್ಟಳು. ಕೆಂಪುಕಲ್ಲಿನ ನಾಲ್ಕು ಲೋಡು, ಸಿಮೆಂಟು, ಟೈಲ್ಸ್, ಬಾವಿಯ ಪಂಪು. ಕೆಲವು ಒದ್ದೆಯಾಗಿ ಅಂಟಿಕೊಂಡಿದ್ದವು, ಉಗುರಿನಿಂದ ಬಿಡಿಸುತ್ತಿದ್ದಳು. ಅಷ್ಟೂ ಬಿಲ್ಲುಗಳ ಮೇಲೆ ಇದ್ದದ್ದು ಅವನ ಹೆಸರು. ದುಡ್ಡು ಅವಳದ್ದು, ಅಂಗಡಿಗೆ ಹೋದದ್ದು ಅವನು. ಕೊನೆಗೆ ಬ್ಯಾಗಿನ ಅಡಿಯಿಂದ ಒಂದು ಪಿಗ್ಮಿ ಪುಸ್ತಕ ಹೊರಗೆ ಬಂತು. ದಿನಕ್ಕೆ ನೂರು ಇನ್ನೂರು ಎಂದು ಕಟ್ಟಿ ಕೂಡಿಟ್ಟದ್ದು. ಅದನ್ನು ಮುರಿದ ತಾರೀಕು, ಆ ದುಡ್ಡು ಅವನ ಖಾತೆಗೆ ಹೋದ ತಾರೀಕು ಎರಡೂ ಒಂದೇ ವಾರದ್ದು. ತೊಟ್ಟೆ ತುಂಬ ಇದ್ದ ಬಿಲ್ಲಿಗಿಂತ ಆ ಒಂದು ಪುಸ್ತಕ ಕೆಲಸಕ್ಕೆ ಬಂತು. ಪಿಗ್ಮಿ ಶುರುವಾದದ್ದೇ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಲ್ಲಿ, 1928ರಲ್ಲಿ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಉಳಿತಾಯಕ್ಕೆ ಇವತ್ತಿಗೂ ಇರುವ ಲೆಕ್ಕ ಅದೊಂದೇ.

ಈಗ ಕಾನೂನಿನ ಮಾತು. ಮನೆ ನೆಲದ ಜೊತೆಗೇ ಹೋಗುತ್ತದೆ. ಜಾಗ ಅಪ್ಪನದ್ದಾದರೆ ಅದರ ಮೇಲಿನ ಮನೆಯಲ್ಲಿ ಮಗನಿಗೇ ಗಟ್ಟಿ ಹಕ್ಕಿಲ್ಲ, ನಿಮಗೆ ಎಲ್ಲಿಂದ ಬರಬೇಕು? ಆದರೆ ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ನೀವು ಖರ್ಚು ಮಾಡಿ, ಅದರ ಲಾಭ ಅವರು ಉಣ್ಣುತ್ತಿದ್ದರೆ, 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಹಾಗಾಗಿ ಮಗನ ಜೊತೆ ಅಪ್ಪನನ್ನೂ ಪ್ರತಿವಾದಿ ಮಾಡಬೇಕಾಗುತ್ತದೆ. ಬಹಳ ಜನ ಇಲ್ಲಿ ಹಿಂಜರಿಯುತ್ತಾರೆ. "ಅವರು ನನ್ನನ್ನು ಮಗಳ ಹಾಗೆ ನೋಡಿಕೊಂಡಿದ್ದರು" ಎನ್ನುತ್ತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವರನ್ನು ಬಿಟ್ಟು ದಾವೆ ಹಾಕಿದರೆ ಕೇಸು ಕುಂಟುತ್ತದೆ.

ತುಳುನಾಡಿನಲ್ಲಿ ಇನ್ನೊಂದು ಗಂಟು ಇದೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಜಾಗ ಇನ್ನೂ ಪಾಲಾಗದೆ ಕುಟುಂಬದ ಹೆಸರಿನಲ್ಲೇ ಇರಬಹುದು, ಒಂದೊಂದು ಕವರಿಗೂ (ಕುಟುಂಬದ ಕವಲಿಗೂ) ಹಕ್ಕು ಇರಬಹುದು. ಅವನು "ನನ್ನ ಪಾಲಿನ ಹತ್ತು ಸೆಂಟ್ಸ್" ಎಂದು ತೋರಿಸಿದ ಜಾಗ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹದಿನೈದು ಜನರ ಹೆಸರಿನಲ್ಲಿ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ದುಡ್ಡು ಹಾಕುವ ಮೊದಲು ಆರ್‌ಟಿಸಿ, ಪಂಚಾಯತಿನ 9/11 (ಖಾತೆಯ ಕಾಗದ), ಇಸಿ (ಜಾಗದ ಮೇಲಿನ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರ) ಮೂರನ್ನೂ ನೋಡಿ. ಆರ್‌ಟಿಸಿ, ಇಸಿ ಎರಡೂ ಆನ್‌ಲೈನಿನಲ್ಲೇ ಸಿಗುತ್ತವೆ.

"ಈ ಜಾಗ ನಿನಗೇ" ಎಂದು ಬಾಯಲ್ಲಿ ಹೇಳಿದ್ದು ಸಾಮಾನ್ಯವಾಗಿ ದಾನವಾಗುವುದಿಲ್ಲ. ಸ್ಥಿರಾಸ್ತಿಯ ದಾನಪತ್ರ ಸಾಮಾನ್ಯವಾಗಿ ನೋಂದಣಿ ಆಗಬೇಕು.

ನಾನು ಕೊಟ್ಟದ್ದು ಸಾಲ. ಅವಳು ಗಿಫ್ಟ್ ಅಂತಾಳೆ. ಕೋರ್ಟ್ ಯಾರ ಮಾತು ನಂಬುತ್ತದೆ?

ಸಾಲ ಎಂದು ಹೇಳುವವರೇ ಸಾಲ ಎಂದು ತೋರಿಸಬೇಕು. ಪ್ರೀತಿಯಲ್ಲಿ ಇದ್ದವರು ನೋಟು ಬರೆಸಿಕೊಂಡಿರುವುದಿಲ್ಲ, ಅದು ಕೋರ್ಟಿಗೂ ಗೊತ್ತು. ಹಾಗಾಗಿ ಸುತ್ತಲಿನ ಸಾಕ್ಷಿ ಬೇಕು. ಗೂಗಲ್ ಪೇಯಲ್ಲಿ ಕಳಿಸುವಾಗ "ಮನೆ ಅಡ್ವಾನ್ಸ್" ಎಂದು ಬರೆದಿದ್ದೀರಾ? ವಾಟ್ಸಾಪಿನಲ್ಲಿ ಅವರು "ಬೋನಸ್ ಬಂದಾಗ ನಿನ್ನ ದುಡ್ಡು ಕೊಡುತ್ತೇನೆ" ಎಂದಿದ್ದಾರಾ? ಅದು ಚಿನ್ನದಂಥ ಸಾಕ್ಷಿ. ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಫೋನ್ ಮಾರಬೇಡಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಮೂಲ ಫೋನ್ ಕೈಯಲ್ಲಿದ್ದರೆ ಕೆಲಸ ಸಲೀಸು. ಬ್ರೇಕಪ್ ಆದ ರಾತ್ರಿಯೇ ಸಿಟ್ಟಿನಲ್ಲಿ ಚಾಟ್ ಎಲ್ಲ ಡಿಲೀಟ್ ಮಾಡುವವರು ಬಹಳ. ಬೇರೆಯಾದ ಸಂಗಾತಿಯ ಮುಖ ನೋಡಲಿಕ್ಕೆ ಇಷ್ಟವಿಲ್ಲದಿದ್ದರೆ ಚಾಟನ್ನು ಇಮೇಲಿಗೆ ಎಕ್ಸ್‌ಪೋರ್ಟ್ ಮಾಡಿ, ಆರ್ಕೈವ್‌ಗೆ ಹಾಕಿಡಿ. ಅಳಿಸಬೇಡಿ.

ಚಿನ್ನ ಅಡವಿಟ್ಟು ಕೊಟ್ಟಿದ್ದರೆ ಸೊಸೈಟಿಯ ರಶೀದಿ, ಅದೇ ದಿನ ಅಥವಾ ಮರುದಿನ ದುಡ್ಡು ಅವರಿಗೆ ಹೋದದ್ದು ಎರಡನ್ನೂ ಜೋಡಿಸಿ. ನಗದಾಗಿ ಕೊಟ್ಟದ್ದು ಕಷ್ಟ. 20,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ತಡೆ ಇದೆ.

ಇನ್ನು ಗಡುವು. ಕೊಟ್ಟ ಸಾಲ ಕೇಳಲು ಸಾಮಾನ್ಯವಾಗಿ 3 ವರ್ಷ, ಅದೂ ಕೊಟ್ಟ ದಿನದಿಂದ ಲೆಕ್ಕ. ಬೇರೆಯಾದ ದಿನದಿಂದ ಅಲ್ಲ. ಐದು ವರ್ಷ ಜೊತೆಗಿದ್ದವರಿಗೆ ಇದು ದೊಡ್ಡ ಪೆಟ್ಟು, ಮೊದಲ ಎರಡು ವರ್ಷ ಕೊಟ್ಟದ್ದು ಆಗಲೇ ಗಡುವು ದಾಟಿರುತ್ತದೆ. ಆ 3 ವರ್ಷದೊಳಗೆ ಅವರು ಬಾಕಿ ಇದೆ ಎಂದು ಬರೆದು ಸಹಿ ಹಾಕಿದ್ದರೆ ಅಲ್ಲಿಂದ ಹೊಸ 3 ವರ್ಷ. ಸ್ವಲ್ಪ ದುಡ್ಡು ವಾಪಸ್ ಕೊಟ್ಟು ಅದಕ್ಕೆ ಬರಹದ ದಾಖಲೆ ಇದ್ದರೂ ಹಾಗೇ. ಗಡುವು ದಾಟಿದ ಮೇಲೂ "ಕೊಡುತ್ತೇನೆ" ಎಂದು ಬರೆದು ಸಹಿ ಮಾಡಿಕೊಟ್ಟರೆ ಅದೇ ಹೊಸ ಕರಾರಾಗುತ್ತದೆ. ದಯವಿಟ್ಟು "ನೋಡೋಣ, ಕೊಟ್ಟಾನು" ಎಂದು ಕೂರಬೇಡಿ.

ಇಬ್ಬರೂ ಸೇರಿ ಹೋಮ್ ಲೋನ್ ತೆಗೆದಿದ್ದೆವು. ನಾನು ಮನೆ ಬಿಟ್ಟು ಬಂದೆ. ಕಂತು ನಾನೂ ಕಟ್ಟಬೇಕಾ?

ಬ್ಯಾಂಕಿನ ಮಟ್ಟಿಗೆ ಹೌದು. ಸಹ ಸಾಲಗಾರರಾಗಿ ಸಹಿ ಹಾಕಿದ್ದರೆ ಪೂರ್ತಿ ಸಾಲಕ್ಕೂ ಇಬ್ಬರೂ ಹೊಣೆ. ಅವರು ಕಟ್ಟದಿದ್ದರೆ ಬ್ಯಾಂಕು ನಿಮ್ಮನ್ನೇ ಹಿಡಿಯಬಹುದು, ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ನಿಮ್ಮ ಪಾಲಿಗಿಂತ ಜಾಸ್ತಿ ಕಟ್ಟಿದ್ದನ್ನು ಅವರಿಂದ ಕೇಳುವ ಹಕ್ಕು ನಿಮಗಿದೆ. ಕ್ರಯಪತ್ರದಲ್ಲಿ ಹೆಸರೇ ಇಲ್ಲದೆ ಸಾಲಕ್ಕೆ ಮಾತ್ರ ಸಹಿ ಹಾಕಿದವರ ಸ್ಥಿತಿ ಎಲ್ಲಕ್ಕಿಂತ ಕಷ್ಟದ್ದು. ರಾಜಿ ಮಾಡಿಕೊಳ್ಳುವಾಗ ಮೊದಲ ಷರತ್ತು ಇದೇ ಇರಲಿ: ಮನೆ ಇಟ್ಟುಕೊಳ್ಳುವವರು ಸಾಲವನ್ನು ತಮ್ಮ ಒಬ್ಬರ ಹೆಸರಿಗೆ ಮಾಡಿಸಿಕೊಂಡು, ನಿಮ್ಮನ್ನು ಬಿಟ್ಟದ್ದಕ್ಕೆ ಬ್ಯಾಂಕಿನ ಪತ್ರ ತಂದುಕೊಡಬೇಕು.

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ದುಡ್ಡು ಬೇಗ ಬರುತ್ತದೆ ಅಂತಾರೆ. ನಿಜವಾ?

ಠಾಣೆಯಲ್ಲಿ ಹೆಚ್ಚಾಗಿ "ಇದು ಸಿವಿಲ್ ವಿಷಯ" ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ ಎಂಬಷ್ಟಕ್ಕೇ ಅದು ವಂಚನೆಯ ಅಪರಾಧ ಆಗುವುದಿಲ್ಲ. ಮೊದಲಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಎಂದು ತೋರಿಸಬೇಕು. ನಕಲಿ ಕಾಗದ, ಖೋಟಾ ಸಹಿ ಇದ್ದರೆ ಖಂಡಿತ ಕೊಡಿ.

ಮದುವೆಯಾಗುತ್ತೇನೆಂದು ಸುಳ್ಳು ಹೇಳಿ ದೈಹಿಕ ಸಂಬಂಧ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್ ಇದೆ, 10 ವರ್ಷದವರೆಗೆ ಶಿಕ್ಷೆ. ನಿಜವಾಗಿ ಹಾಗಾಗಿದ್ದರೆ ಹೆದರದೆ ದೂರು ಕೊಡಿ. ಆದರೆ ಫ್ಲ್ಯಾಟಿನ ದುಡ್ಡು ಹೊರಡಿಸಲು ಇದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ನೊಂದವರ ಮಾತನ್ನೂ ಅನುಮಾನದಿಂದ ನೋಡುವಂತೆ ಅದು ಮಾಡುತ್ತದೆ.

ನಾನು ಗಲ್ಫಿನಲ್ಲಿದ್ದೇನೆ. ದುಡ್ಡು ಕಳಿಸಿದೆ, ಅವಳ ಹೆಸರಿನಲ್ಲಿ ಜಾಗ ತೆಗೆದೆವು. ನನ್ನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ (ಜಿಪಿಎ) ಕೂಡ ಕೊಟ್ಟಿದ್ದೇನೆ.

ಮೊದಲು ಜಿಪಿಎ ರದ್ದು ಮಾಡಿ. ಭಾರತೀಯ ದೂತಾವಾಸದಲ್ಲಿ ರದ್ದತಿ ಪತ್ರಕ್ಕೆ ಸಹಿ ಮಾಡಿ ಊರಿಗೆ ಕಳಿಸಿ, ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗಲಿ. ಜಿಪಿಎ ಪಡೆದವರಿಗೂ ನಿಮ್ಮ ಬ್ಯಾಂಕಿಗೂ ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ತಿಳಿಸಿ. ರದ್ದಾಗುವ ಮೊದಲು ಆ ಜಿಪಿಎ ಬಳಸಿ ಆದ ವ್ಯವಹಾರವನ್ನು ಅಳಿಸುವುದು ಕಷ್ಟ, ಹಾಗಾಗಿ ರಜೆಗೆ ಬರುವವರೆಗೆ ಕಾಯಬೇಡಿ. ಜಾಗದ ವಿಷಯಕ್ಕೆ ಮೇಲೆ ಹೇಳಿದ ಬೇನಾಮಿಯ ಮಾತು ನಿಮಗೂ ಅನ್ವಯ. ವಿದೇಶದ ಗಳಿಕೆ ಹಾಕುವ ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟ್ ತೆಗೆದಿಡಿ.

ಅವನು ಮನೆ ಮಾರಲು ಹೊರಟಿದ್ದಾನೆ. ತಡೆಯುವುದು ಹೇಗೆ?

ನಿಮಗೆ ಆ ಆಸ್ತಿಯಲ್ಲಿ ಪಾಲಿದ್ದರೆ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ಬರೀ ಹಣದ ದಾವೆಯಾದರೆ ಆಸ್ತಿ ಮಾರದಂತೆ ತಡೆಯುವುದು ಸುಲಭವಲ್ಲ. ವಸೂಲಿ ತಪ್ಪಿಸಲಿಕ್ಕೇ ಮಾರುತ್ತಿದ್ದಾನೆ ಎಂದು ತೋರಿಸಿ ಜಪ್ತಿ ಕೇಳಬೇಕಾಗುತ್ತದೆ. ವಾರಕ್ಕೊಮ್ಮೆ ಇಸಿ ತೆಗೆದು ನೋಡಿ. ಪೇಪರಿನಲ್ಲಿ ಪಬ್ಲಿಕ್ ನೋಟಿಸ್ ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಆಕ್ಷೇಪ ಕಳಿಸಿ. ಆಕ್ಷೇಪ ಬಂದಿದೆ ಎಂದು ಗೊತ್ತಾದರೆ ಕೊಳ್ಳುವವರೇ ಹಿಂದೆ ಸರಿಯುವುದುಂಟು.

ಚಿನ್ನ, ಬೈಕು, ಫ್ರಿಜ್ಜು, ಬಾಡಿಗೆ ಮನೆಯ ಅಡ್ವಾನ್ಸು?

ಬೈಕು ಆರ್‌ಸಿಯಲ್ಲಿ ಹೆಸರಿರುವವರದ್ದು. ಅಡ್ವಾನ್ಸ್ ಕರಾರು ಪತ್ರದಲ್ಲಿ ಹೆಸರಿರುವವರಿಗೆ ವಾಪಸ್ ಹೋಗುತ್ತದೆ, ನೀವು ಪಾಲು ಕೇಳಬೇಕಾದದ್ದು ಅವರ ಹತ್ತಿರ, ಓನರ್ ಹತ್ತಿರ ಅಲ್ಲ. ಹುಟ್ಟುಹಬ್ಬಕ್ಕೆ ಕೊಟ್ಟ ಸರ ಕೊಟ್ಟದ್ದೇ. ನಿಮ್ಮ ಅಮ್ಮ ಹಾಕಿದ ಬಳೆ ಅವನ ಲಾಕರಿನಲ್ಲಿದ್ದರೆ ಅದು ನಿಮ್ಮದೇ. ಫ್ರಿಜ್ಜಿಗಾಗಿ ಕೋರ್ಟಿಗೆ ಹೋಗಬೇಡಿ. ಮಾರ್ಕ್ಸ್‌ ಕಾರ್ಡ್, ಪಾಸ್‌ಪೋರ್ಟ್ ಅಲ್ಲೇ ಉಳಿದಿದ್ದರೆ ಅದನ್ನು ಬಿಡಲೇಬೇಡಿ.

ಮಗು ಇದೆ. ಮಗುವಿಗೆ ಆಸ್ತಿ ಬರುತ್ತದಾ?

ಮಗುವಿನ ಖರ್ಚು ಅಪ್ಪ ಕೊಡಲೇಬೇಕು, ಅಪ್ಪ ಅಮ್ಮನ ಮದುವೆ ಆಗಿತ್ತೋ ಇಲ್ಲವೋ ಎಂಬುದು ಅಲ್ಲಿ ಅಡ್ಡ ಬರುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ ಕೇಳಿ. ಆಸ್ತಿಯ ವಿಷಯ ಸೂಕ್ಷ್ಮ. ಹಿಂದೂ ಕಾನೂನಿನಲ್ಲಿ ಅಮ್ಮನ ಆಸ್ತಿಗೆ ಮಗು ವಾರಸುದಾರ. ಅಪ್ಪನ ಕಡೆಯದ್ದಕ್ಕೆ, ದೀರ್ಘಕಾಲ ಗಂಡ ಹೆಂಡತಿಯಂತೆ ಬಾಳಿದ್ದರೆ ಮದುವೆಯಾಗಿದೆ ಎಂದೇ ಭಾವಿಸಬೇಕು ಎಂಬ 2022ರ ಸುಪ್ರೀಂ ಕೋರ್ಟ್ ತೀರ್ಪು ನೆರವಿಗೆ ಬರಬಹುದು. ಮದುವೆಯ ಶಾಸ್ತ್ರ ನಡೆದು ಅದು ಕಾನೂನಿನಲ್ಲಿ ಅಸಿಂಧುವಾಗಿದ್ದರೆ, ಕರ್ನಾಟಕದ್ದೇ ಆದ ರೇವಣಸಿದ್ದಪ್ಪ ಪ್ರಕರಣದ 2023ರ ತೀರ್ಪು ಮಗುವಿನ ಪರವಾಗಿದೆ. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಇದೆಯಾ ಎಂದು ಇವತ್ತೇ ನೋಡಿ.

ನಾವಿಬ್ಬರೂ ಹೆಣ್ಣುಮಕ್ಕಳು. ನಮಗೂ ಇದೇ ನಿಯಮವಾ?

ಕ್ರಯಪತ್ರ, ಸಾಲ, ಪಾರ್ಟಿಷನ್ ಎಲ್ಲ ಹಾಗೆಯೇ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಮದುವೆಯಂಥ ಸಂಬಂಧ ಎಂಬ ದಾರಿ ನಿಮಗೆ ಸದ್ಯಕ್ಕೆ ಸಿಗುವುದು ಕಷ್ಟ. ನಿಮ್ಮ ಕಾಗದ ಬೇರೆ ಎಲ್ಲರಿಗಿಂತ ಗಟ್ಟಿಯಾಗಿರಲಿ.

ರಾಜಿಯಲ್ಲಿ ಬಂದ ದುಡ್ಡಿಗೆ ತೆರಿಗೆ ಇದೆಯಾ?

ಸಂಗಾತಿ ತೆರಿಗೆ ಕಾನೂನಿನ ಪ್ರಕಾರ ಸಂಬಂಧಿಕರಲ್ಲ. ವರ್ಷಕ್ಕೆ 50,000 ರೂಪಾಯಿ ದಾಟಿದ ಉಡುಗೊರೆಗೆ ತೆರಿಗೆ ಬೀಳುತ್ತದೆ. ಆದರೆ ನಿಮ್ಮದೇ ಸಾಲ ವಾಪಸ್ ಬಂದರೆ ಅದು ಉಡುಗೊರೆ ಅಲ್ಲ. ರಾಜಿ ಪತ್ರದಲ್ಲಿ ಯಾವ ದುಡ್ಡು ಯಾಕೆ ಬಂತು ಎಂದು ಬಿಡಿಸಿ ಬರೆಯಿರಿ.

ಮನೆಯವರಿಗೆ ಗೊತ್ತಾಗದ ಹಾಗೆ ಬಗೆಹರಿಸಬಹುದಾ?

ಪ್ರಶ್ನೆ ಕೇಳುವಾಗ ದನಿ ಸಣ್ಣಗಾಗುವುದು ಇಲ್ಲೇ. ಅಪ್ಪನಿಗೆ ಬಿ.ಪಿ. ಇದೆ, ತಂಗಿಗೆ ಸಂಬಂಧ ನೋಡುತ್ತಿದ್ದಾರೆ, ದೇವಸ್ಥಾನದಲ್ಲಿ ಎದುರಾದವರು ಏನೆನ್ನುತ್ತಾರೆ. ಎದುರಿನವರಿಗೂ ಈ ಹೆದರಿಕೆ ಗೊತ್ತಿರುತ್ತದೆ, ಅದನ್ನೇ ಹಿಡಿದು "ನಿಮ್ಮ ಮನೆಗೆ ಹೇಳುತ್ತೇನೆ" ಎಂದು ಬಾಯಿ ಮುಚ್ಚಿಸುತ್ತಾರೆ. ಹಾಗೆ ಬೆದರಿಸಿದ ಮೆಸೇಜನ್ನೂ ಇಟ್ಟುಕೊಳ್ಳಿ.

ಮಧ್ಯಸ್ಥಿಕೆ ಒಳ್ಳೆಯ ದಾರಿ. ಅಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಫೋನ್ 15100. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಕೋರ್ಟ್ ಫೀ ಇಲ್ಲ, ಅಲ್ಲಿ ಆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ನಿಮ್ಮ ವಕೀಲರಿಗೆ ಪತ್ರಗಳು ಯಾವ ವಿಳಾಸಕ್ಕೆ ಬರಬೇಕೆಂದು ಮೊದಲೇ ಹೇಳಿಡಿ. ಆದರೆ ದಾವೆ ಶುರುವಾದರೆ ಮುಚ್ಚಿಡುವುದು ಕಷ್ಟ. ಎಷ್ಟೋ ಸಲ ಕೊನೆಗೆ ಹೆದರಿಕೊಂಡೇ ಅಮ್ಮನಿಗೆ ಹೇಳಿದವರ ಬೆನ್ನಿಗೆ ನಿಂತದ್ದೂ ಆ ಅಮ್ಮನೇ.

ನಾವು ಈಗ ಚೆನ್ನಾಗಿದ್ದೇವೆ. ಮನೆ ಕೊಳ್ಳುತ್ತಿದ್ದೇವೆ. ಮೊದಲೇ ಏನು ಮಾಡಿಡಬೇಕು?

ಕ್ರಯಪತ್ರದಲ್ಲಿ ಇಬ್ಬರ ಹೆಸರು, ಹೆಸರಿನ ಮುಂದೆ ಪಾಲು. ಮಾರುವವರಿಗೆ ದುಡ್ಡು ಇಬ್ಬರ ಖಾತೆಯಿಂದಲೂ ನೇರವಾಗಿ ಹೋಗಲಿ. ಯಾರು ಏನು ಕಟ್ಟುತ್ತಾರೆ, ಬೇರೆಯಾದರೆ ಯಾರು ಯಾರ ಪಾಲನ್ನು ಯಾವ ಲೆಕ್ಕದಲ್ಲಿ ಕೊಳ್ಳುತ್ತಾರೆ ಎಂದು ಸ್ಟ್ಯಾಂಪ್ ಪೇಪರಿನಲ್ಲಿ ಕರಾರು ಮಾಡಿ. ಅದರಲ್ಲಿ ಆಸ್ತಿ ಮತ್ತು ದುಡ್ಡಿನ ಮಾತು ಮಾತ್ರ ಇರಲಿ. "ಜೊತೆಗಿರುವುದಕ್ಕೆ ಪ್ರತಿಯಾಗಿ" ಎಂಬಂಥ ಮಾತು ಬಂದರೆ ಇಡೀ ಕರಾರನ್ನೇ ಕೋರ್ಟ್ ತಳ್ಳಿಹಾಕಬಹುದು. ಒಬ್ಬರಿಗೆ ಹೆಚ್ಚು ಕಡಿಮೆಯಾದರೆ ಇನ್ನೊಬ್ಬರು ವಾರಸುದಾರರಲ್ಲ, ಬ್ಯಾಂಕಿನ ನಾಮಿನಿಯೂ ಮಾಲೀಕನಲ್ಲ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ವಿಲ್ ಬರೆದಿಡಿ. ಬೇರೆಯಾದವರು ಹಳೆಯ ವಿಲ್, ನಾಮಿನಿ ಎರಡನ್ನೂ ಬದಲಾಯಿಸಲು ಮರೆಯಬೇಡಿ.

ವಕೀಲರ ಹತ್ತಿರ ಮೊದಲ ಸಲ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ಕ್ರಯಪತ್ರದ ಪ್ರತಿ, ಇತ್ತೀಚಿನ ಇಸಿ, ಸಾಲದ ಕಾಗದ, ಜೊತೆಗಿದ್ದಷ್ಟೂ ಕಾಲದ ಬ್ಯಾಂಕ್ ಸ್ಟೇಟ್‌ಮೆಂಟ್, ಚಾಟ್ ಇರುವ ಫೋನ್. ಬಿಲ್ಲುಗಳನ್ನು ಒದ್ದೆಯಾಗದಂತೆ ತನ್ನಿ. ಒಂದು ಹಾಳೆಯಲ್ಲಿ ಯಾವ ತಾರೀಕಿಗೆ ಎಷ್ಟು ಕೊಟ್ಟಿರಿ, ಹೇಗೆ ಕೊಟ್ಟಿರಿ ಎಂದು ಸಾಲಾಗಿ ಬರೆಯಿರಿ. ಪ್ರೀತಿಯ ಕಥೆ ಬರೆಯಬೇಕಾಗಿಲ್ಲ, ಅದನ್ನು ಬಾಯಲ್ಲೇ ಹೇಳಿ, ಕೇಳುತ್ತೇವೆ. ಹಾಳೆಯಲ್ಲಿ ಮೊದಲು ಕೊಟ್ಟ ದುಡ್ಡಿನ ತಾರೀಕಿಗೆ ಕೆಂಪು ಗೆರೆ ಎಳೆದಿಡಿ. ಆ ತಾರೀಕಿಗೆ 3 ವರ್ಷ ಆಗಲು ಇನ್ನು ಎಷ್ಟು ದಿನ ಇದೆ ಎಂದು ನಾವು ಮೊದಲು ನೋಡುತ್ತೇವೆ.